ಹಾನಗಲ್ಲಿನ ಹಕಾರ: ಆಕರಶೋಧದ ಒಂದು ವಿಮರ್ಶೆ

ಪಾನುಂಗಲ್ಲು ಹಾನಗಲ್ಲಾದುದನ್ನು ಪಕಾರ ಹಕಾರವಾದುದಕ್ಕೆ ನಿದರ್ಶನವಾಗಿ ಕೊಡುವ ಸಂಪ್ರಬಂಧಗಳಲ್ಲಿ ಫ್ಲೀಟರ ರಾಜವಂಶಗಳ ಇತಿಹಾಸವೇ ಆಧಾರವಾಗಿ ನಿಲ್ಲುವುದನ್ನು ನಾವು ಕಂಡಿದ್ದೇವೆ. ಅದು ಅರಸರಿಗೆ ಆಕರ, ಧ್ವನಿಗಲ್ಲ.

ಶಾಸನಪಾಠವನ್ನೇ ಅರಸ ಹೊರಟವರು ಎಡವುವುದು ಭೂಪಟದಲ್ಲಿ. ರೈಸರ ಎಪಿಗ್ರಾಫಿಯಾ ಕರ್ನಾಟಿಕಾ ಮೈಸೂರು, ಕೊಡಗುಗಳಿಗೆ ಸೀಮಿತ. ಹಾನಗಲ್ಲು 1956ರವರೆಗೆ ಮುಂಬಯಿಗೆ ಸೇರಿತ್ತು. ಹಾವೇರಿ ಜಿಲ್ಲೆಯಾದದ್ದೇ 1997ರಲ್ಲಿ. ಆದುದರಿಂದ ಇಲ್ಲಿಯ ಪಾಠಗಳನ್ನು ದಕ್ಷಿಣ ಭಾರತೀಯ ಶಾಸನಗಳ ಮುಂಬಯಿ ಕರ್ನಾಟಕ ಸಂಪುಟಗಳಲ್ಲಿ, ಧಾರವಾಡ ಜಿಲ್ಲೆಯ ಅಡಿಯಲ್ಲಿ ಹುಡುಕಬೇಕು. ‘ಹಾವೇರಿ’ ಎಂದು ಸೂಚಿಯಲ್ಲಿ ನೋಡಿ, ಸಾಮಗ್ರಿಯಿಲ್ಲವೆಂದು ವಿಷಯವನ್ನೇ ಕೈಬಿಡುವುದು ವಿದ್ಯಾರ್ಥಿಯ ತಪ್ಪೆನ್ನುವುದಕ್ಕಿಂತ ಮಾರ್ಗದರ್ಶಕರ ಮೌನದ ಫಲವೆನ್ನಬೇಕು.

ಪಾಠ ದೊರೆತ ಮೇಲೂ ತೊಡಕು ತೀರದು. ‘ಪಾನುಂಗಲ್ 500’ ಆಡಳಿತ ವಿಭಾಗದ ಹೆಸರು. ಇಂಥ ಹೆಸರುಗಳಲ್ಲಿ ಲಿಪಿಕಾರರ ರೂಢಿ ಹಳೆಯ ರೂಪವನ್ನು ಉಳಿಸಿಕೊಂಡಿರಬಹುದು. ಬರೆದ ಪಕಾರ ಆಡಿದ ಪಕಾರಕ್ಕೆ ಸಾಕ್ಷಿಯಾಗದು. ಜಿ. ಎಸ್. ಗಾಯಿ ಅವರ 1946ರ ವ್ಯಾಕರಣ ಹತ್ತನೆಯ ಶತಮಾನಕ್ಕೆ ನಿಲ್ಲುತ್ತದೆ. ಹಾನಗಲ್ಲಿನ ಕದಂಬರ ಕಾಲದ ರೂಪಗಳಿಗೆ ಅದನ್ನು ಉಲ್ಲೇಖಿಸುವುದು ಸಲ್ಲದು. ಆ ಶಾಸನಗಳ ಸಾಮಾನ್ಯ ಪದಗಳಲ್ಲಿ ಪಕಾರ, ಹಕಾರಗಳನ್ನು ತೇದಿವಾರು ಎಣಿಸುವ ಕೆಲಸವನ್ನು ಸಂಶೋಧಕನೇ ಮಾಡಬೇಕು.