ಜೆಪ್ಪುವಿನ ಹಂಚು

ಹಳೆಯ ಬಾಸೆಲ್ ಮಿಶನ್ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಕಂಚಿನ ಬಟ್ಟಲಿನಂತೆ ಠಣ್ ಎನ್ನುತ್ತದೆ. ನೇತ್ರಾವತಿ ದಂಡೆಯ ಜೇಡಿಯನ್ನು ಕಲ್ಲು ಕಡ್ಡಿ ಉಳಿಯದಂತೆ ಹದಮಾಡಿ, ಅಚ್ಚಿನಲ್ಲಿ ಒತ್ತಿ, ನೆರಳಲ್ಲಿ ನಿಧಾನವಾಗಿ ಒಣಗಿಸಿ ಸುಟ್ಟ ಕೆಲಸವದು. ಅವಸರಕ್ಕೆ ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ಅಂಚಿನ ಏಣು ಪಕ್ಕದ ಹಂಚಿನ ತೋಡಿನಲ್ಲಿ ಕೂರುವುದಿಲ್ಲ. ಸರಿಯಾಗಿ ಕೂತರೆ ಕರಾವಳಿಯ ಆಷಾಢದ ಮಳೆಯೂ ಒಳಗಿಳಿಯದು. ಎಂಥ ಕಸುಬುದಾರಿಕೆ!

ನನ್ನ ಮನಸ್ಸು ತುಂಬುವುದು ಇದರ ಹಿಂದಿನ ಕೈಗಳನ್ನು ನೆನೆದಾಗ. ಕ್ರೈಸ್ತರಾದುದಕ್ಕೆ ಮನೆ, ಜಾತಿ, ಕಸುಬು ಎಲ್ಲ ಕಳೆದುಕೊಂಡ ಹಲವರಿಗೆ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ ಪ್ರಾರ್ಥನೆಯ ಜತೆಗೇ ದುಡಿಮೆಯನ್ನೂ ಕೊಟ್ಟಿತು: ಮೊದಲು ಅಚ್ಚುಕೂಟ, ಮಗ್ಗ, ಆಮೇಲೆ 1865ರಲ್ಲಿ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆ. ಕೂಲಿಯೊಂದಿಗೆ ತಲೆಯೆತ್ತಿ ನಡೆಯುವ ಧೈರ್ಯವೂ ಬಂತು. ಹಳೆ ಮನೆ ಕೆಡವುವವರೇ, ಆ ಹಂಚುಗಳನ್ನು ಒಡೆಯಬೇಡಿ, ಇಳಿಸಿಟ್ಟುಕೊಳ್ಳಿ.