ಅತಿಥಿಗೂ ಒಂದು ಪಾಲು ಕೆಲಸ

ನೆಂಟರು ಉಂಡ ತಟ್ಟೆಯನ್ನು ಅವರಿಂದಲೇ ಎತ್ತಿಸುವುದು ನಮ್ಮ ಬಹುತೇಕ ಮನೆಗಳಲ್ಲಿ ಮರ್ಯಾದೆಗೇಡು. ಡೆನ್ಮಾರ್ಕ್, ಅಮೆರಿಕಗಳಲ್ಲಿ ಹಲವು ಕುಟುಂಬಗಳು ಕೂಡಿ ಬಾಳುವ ಕೊಹೌಸಿಂಗ್ ವಸತಿಗಳಲ್ಲಿ ನೆಂಟರು ತಟ್ಟೆ ಎತ್ತದೆ ಎದ್ದುಹೋದರೆ ಅದೇ ಮರ್ಯಾದೆಗೇಡು. ಎರಡರಲ್ಲಿ ಅವರ ರೀತಿಯೇ ಹೆಚ್ಚು ನ್ಯಾಯವಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಡೆನ್ಮಾರ್ಕಿನ ಸೆಟ್ಟೆಡಾಮ್ಮೆನ್‌ನಲ್ಲಿ 1972ರಲ್ಲಿ ಈ ಬಗೆಯ ಬಾಳುವೆ ಶುರುವಾಯಿತು. ಅಮೆರಿಕದಲ್ಲಿ 1991ರಲ್ಲಿ ದಾರಿ ತೋರಿದ್ದು ಕ್ಯಾಲಿಫೋರ್ನಿಯಾದ ಡೇವಿಸ್ ಊರಿನ ಮ್ಯೂರ್ ಕಾಮನ್ಸ್. ಅಲ್ಲಿರುವುದು 26 ಮನೆಗಳು. ಇಂಥ ವಸತಿಗಳಲ್ಲಿ ಪ್ರತಿ ಕುಟುಂಬಕ್ಕೂ ಅಡುಗೆಮನೆ ಸಮೇತ ಸ್ವಂತ ಮನೆ ಇರುತ್ತದೆ. ಅದರ ಜೊತೆಗೆ ಎಲ್ಲರಿಗೂ ಸೇರಿದ ಒಂದು ಮನೆ: ದೊಡ್ಡ ಅಡುಗೆಮನೆ, ಊಟದ ಹಾಲ್, ವಾಷಿಂಗ್ ಮಷಿನ್, ಅನೇಕ ಕಡೆ ಅತಿಥಿ ಕೋಣೆ. ಹೀಗಾಗಿ ಒಬ್ಬರ ಮನೆಗೆ ಬಂದ ನೆಂಟ ಎಲ್ಲರ ನೆಂಟನೂ ಆಗುತ್ತಾನೆ.

ವಾರದ ಕೆಲವು ಸಂಜೆ ಒಟ್ಟಿಗೆ ಊಟ. ಅಡುಗೆ ಸರದಿಯ ಮೇಲೆ, ಗಂಡಸರದ್ದೂ ಸೇರಿ. ಮೊದಲೇ ಹೆಸರು ಬರೆಸಿದವರ ತಲೆ ಎಣಿಸಿ ಸಾಮಾನು ತರುತ್ತಾರೆ. ಹೇಳದೆ ಬಂದು ಕೂತವನಿಂದ ಅಡುಗೆಯವರ ಲೆಕ್ಕ ತಪ್ಪುತ್ತದೆ. ಉಂಡ ಮೇಲೆ ಎಂಜಲು ತೆಗೆದು ತಟ್ಟೆಯನ್ನು ತೊಳೆಯುವ ಜಾಗಕ್ಕೆ ಒಯ್ಯಬೇಕು. ಅತಿಥಿ ಕೋಣೆಯಲ್ಲಿ ಉಳಿದವರು ಹೊರಡುವ ಬೆಳಿಗ್ಗೆ ಹಾಸಿಗೆಯ ಚಾದರ, ದಿಂಬಿನ ಕವರ್ ಕಳಚಿ ಒಗೆಯಲು ಹಾಕಬೇಕು.

ಇದರಲ್ಲಿ ಆದರದ ಕೊರತೆ ನನಗೆ ಕಾಣುವುದಿಲ್ಲ. ನಮ್ಮಲ್ಲಿ ಅತಿಥಿ ಸತ್ಕಾರದ ಹೊಗಳಿಕೆ ಮನೆಯ ಯಜಮಾನನಿಗೆ, ದುಡಿತ ಮನೆಯ ಹೆಂಗಸಿಗೆ. ನೆಂಟರು ಹೋದ ಮೇಲೆ ರಾಶಿ ಪಾತ್ರೆ ತಿಕ್ಕುವವಳು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅಲ್ಲಿ ಸರದಿಯ ಪಟ್ಟಿ ಗೋಡೆಯ ಮೇಲೇ ಇರುವುದರಿಂದ ಯಾರ ದುಡಿತವೂ ಮರೆಯಾಗುವುದಿಲ್ಲ. ಪಾತ್ರೆ ಒರೆಸಲು ಕೈಜೋಡಿಸಿದ ಅತಿಥಿಗೆ ನಾಲ್ಕು ಜನರ ಪರಿಚಯವೂ ಅಲ್ಲೇ ಆಗುತ್ತದೆ.

ಆದರೆ ಈ ಪದ್ಧತಿಯಲ್ಲಿ ಒಂದು ದೊಡ್ಡ ದೋಷವಿದೆ. ಎಷ್ಟೋ ನಿಯಮಗಳು ರೂಢಿಯಲ್ಲಿವೆಯೇ ಹೊರತು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಉದಾಹರಣೆಗೆ, ಮನೆಯ ಮುಂಜಗಲಿಯಲ್ಲಿ ಕೂತವರನ್ನು ಮಾತಾಡಿಸಬಹುದು. ಹಿತ್ತಿಲಲ್ಲಿ ಕೂತವರನ್ನು ಅವರ ಪಾಡಿಗೆ ಬಿಡಬೇಕು. ಅಂಗಳದಲ್ಲಿ ಆಡುವ ಮಕ್ಕಳು ಮುದ್ದಾಗಿದ್ದರೂ ತಂದೆತಾಯಿಯನ್ನು ಕೇಳದೆ ಫೋಟೊ ತೆಗೆಯಬಾರದು. ಮೈಸೂರಿನಿಂದ ಮಗಳ ಮನೆಗೆ ಹೋದ ತಾಯಿಗೆ ಇದೆಲ್ಲ ತಾನಾಗಿ ಹೇಗೆ ತಿಳಿಯಬೇಕು? ತಿಳಿಯದೆ ಆದ ತಪ್ಪಿಗೆ ಅತಿಥಿಯನ್ನು ದೂರುವುದು ಅನ್ಯಾಯ. ಹೇಳಿಕೊಡುವ ಹೊಣೆ ಕರೆದವರದ್ದು.

ಅಲ್ಲಿ ಉಳಿಯಲು ಹೋಗುವವರು ಮೊದಲ ದಿನವೇ ಕೇಳಿಕೊಳ್ಳಿ: ಊಟಕ್ಕೆ ಹೆಸರು ಎಲ್ಲಿ ಬರೆಸಬೇಕು, ಗದ್ದಲ ಎಷ್ಟು ಹೊತ್ತಿಗೆ ನಿಲ್ಲಬೇಕು, ನನ್ನ ಪಾಲಿನ ಕೆಲಸ ಯಾವುದು? ಕೊನೆಯ ಪ್ರಶ್ನೆಯನ್ನು ನಮ್ಮೂರ ನೆಂಟರ ಮನೆಯಲ್ಲೂ ಕೇಳುವ ರೂಢಿ ಬರಲಿ.