ಮತ್ತಾಯನ ಪರಿಣಾಮ: ಅಧ್ಯಾಯದ ಕೊನೆಯವರೆಗೂ ಓದುವ ಅಗತ್ಯ

ವಿಶ್ವವಿದ್ಯಾಲಯಗಳ ಸಂಶೋಧನಾ ಸಂಸ್ಕೃತಿಯನ್ನು ಅರಿಯಲು ಸಮಾಜಶಾಸ್ತ್ರ ರೂಪಿಸಿಕೊಂಡ ಪರಿಕಲ್ಪನೆಗಳಲ್ಲಿ ಒಂದು ಸುವಾರ್ತೆಯಿಂದಲೇ ತನ್ನ ಹೆಸರನ್ನು ಪಡೆದಿದೆ. ಅಮೆರಿಕದ ರಾಬರ್ಟ್ ಮರ್ಟನ್ 1968ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮಂಡಿಸಿದ ‘ಮತ್ತಾಯನ ಪರಿಣಾಮ’ವೇ ಅದು. ತಲಾಂತುಗಳ ಸಾಮ್ಯದ ಕಡೆಯಲ್ಲಿ, ಉಳ್ಳವರಿಗೇ ಮತ್ತಷ್ಟು ಸೇರುವುದನ್ನು ಕುರಿತು ಬರುವ ಮಾತನ್ನು (ಮತ್ತಾಯ 25:29) ಅವರು ವಿದ್ವತ್ ಲೋಕಕ್ಕೆ ಅನ್ವಯಿಸಿದರು. ಇಬ್ಬರು ಸಮಾನ ಯೋಗ್ಯತೆಯ ಕೆಲಸ ಮಾಡಿದ್ದರೂ ಮನ್ನಣೆಯು ಈಗಾಗಲೇ ಹೆಸರಾದವರ ಕಡೆಗೇ ಹರಿಯುತ್ತದೆ ಎಂಬುದು ಅವರ ವಾದದ ತಿರುಳು.

ಈ ಸಿದ್ಧಾಂತದ ಸತ್ಯಕ್ಕೆ ಅದರ ಚರಿತ್ರೆಯೇ ಸಾಕ್ಷಿ. ಮರ್ಟನ್ ಆಧರಿಸಿದ್ದು ಬಹುಮಟ್ಟಿಗೆ ಹ್ಯಾರಿಯೆಟ್ ಜುಕರ್ಮನ್ ಅವರು ನೊಬೆಲ್ ಪುರಸ್ಕೃತರೊಡನೆ ನಡೆಸಿದ್ದ ಸಂದರ್ಶನಗಳನ್ನು. ಆದರೂ ಲೇಖನ ಮರ್ಟನ್ ಒಬ್ಬರ ಹೆಸರಿನಲ್ಲೇ ಹೊರಬಂತು. ಅದು ಇಬ್ಬರ ಹೆಸರಿನಲ್ಲಿ ಬರಬೇಕಾಗಿತ್ತೆಂದು 1973ರಲ್ಲಿ ಅವರೇ ಒಪ್ಪಿಕೊಂಡರು. ಸ್ತ್ರೀಯರ ಸಂಶೋಧನೆ ಪುರುಷರ ಲೆಕ್ಕಕ್ಕೆ ಜಮೆಯಾಗುವ ಈ ಪರಿಪಾಠಕ್ಕೆ ಮಾರ್ಗರೆಟ್ ರೊಸಿಟರ್ 1993ರಲ್ಲಿ ‘ಮಟಿಲ್ಡಾ ಪರಿಣಾಮ’ವೆಂದು ಹೆಸರಿಟ್ಟರು.

ಫ್ರಾನ್ಸಿನ ಪಿಯರ್ ಬೋರ್ಡಿಯೊ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. 1984ರ ‘ಹೋಮೋ ಅಕಾಡೆಮಿಕಸ್’ ಕೃತಿಯಲ್ಲಿ ಅವರು ವಿಶ್ವವಿದ್ಯಾಲಯವನ್ನು ಬಂಡವಾಳ ಕೂಡಿಡುವವರ ಸ್ಪರ್ಧಾಕ್ಷೇತ್ರವಾಗಿ ಕಂಡರು. ನೇಮಕಾತಿ, ಪರೀಕ್ಷೆಗಳ ಮೇಲಿನ ಹಿಡಿತ ಒಂದು ಬಗೆಯ ಬಂಡವಾಳ. ವಿದ್ವತ್ತಿನ ಕೀರ್ತಿ ಇನ್ನೊಂದು. ನಮ್ಮ ಅನುಭವಕ್ಕೂ ಇದು ದೂರವಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2010ರ ನಿಯಮಾವಳಿ ಅಧ್ಯಾಪಕರ ಬಡ್ತಿಗೆ ಅಂಕಗಳ ಲೆಕ್ಕವನ್ನು ತಂದಿತು. ಮಹಾಪ್ರಬಂಧ ಸಲ್ಲಿಸುವ ಮೊದಲು ಲೇಖನವೊಂದು ಪ್ರಕಟವಾಗಿರಬೇಕೆಂಬ 2009ರ ಕಟ್ಟಳೆಯನ್ನು ಆಯೋಗವೇ 2022ರಲ್ಲಿ ಕೈಬಿಟ್ಟಿತು. ಕಟ್ಟಳೆ ಹೋದರೂ ಅದು ಕಲಿಸಿದ ಎಣಿಕೆಯ ಮನೋಧರ್ಮ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಆದರೆ ಮರ್ಟನ್ ಮತ್ತು ಬೋರ್ಡಿಯೊ ಇಬ್ಬರೂ ಲೆಕ್ಕಕ್ಕೆ ತೆಗೆದುಕೊಂಡದ್ದು ಮುಖ್ಯವಾಗಿ ಪಂದ್ಯದೊಳಗೆ ಇರುವವರನ್ನು. ಪಂದ್ಯದ ಹೊರಗೆ ನಿಂತು, ಅದಕ್ಕೆ ಬೇಕಾದ ಸರಕನ್ನು ಒದಗಿಸುವವರ ಗತಿಯೇನು? ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕು ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತುತ್ತದೆ. ಇಲ್ಲಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಇದೇ ತಾಲ್ಲೂಕಿನ ಶಿಶುನಾಳ ಸಂತ ಶರೀಫರ (1819–1889) ಊರು. ಶರೀಫರ ತಂದೆಯವರು ಹುಲಗೂರಿನ ಸೂಫಿ ಸಂತ ಖಾದರಿಯವರ ಭಕ್ತರಾಗಿದ್ದರೆಂದೂ, ಆ ಸಂತರು ಶಿಷ್ಯರಿಗೆ ಲಿಂಗದೀಕ್ಷೆ ಕೊಡುತ್ತಿದ್ದರೆಂದೂ ಪರಂಪರೆ ಹೇಳುತ್ತದೆ. ಶರೀಫರು ಗುರುವೆಂದು ಕಂಡದ್ದು ಕಳಸದ ಗೋವಿಂದಭಟ್ಟರನ್ನು. ಅವರ ತತ್ತ್ವಪದಗಳನ್ನು ಉಳಿಸಿದ್ದು ಪದವಿಯಿಲ್ಲದ ಹಾಡುಗಾರರ ಕಂಠ, ಏಕತಾರಿ ಮತ್ತು ಭಜನೆಯ ರಾತ್ರಿಗಳು. ಮುದ್ರಿತ ಸಂಪುಟಗಳೂ ಸಂಶೋಧನ ಪ್ರಬಂಧಗಳೂ ಅನಂತರ ಬಂದವು. ಪ್ರಬಂಧ ಬರೆದವರು ಪದವಿ ಪಡೆಯುತ್ತಾರೆ. ಹಾಡಿದವರು ‘ಮಾಹಿತಿದಾರರು’ ಎಂಬ ಅನುಬಂಧದ ಪಟ್ಟಿಯಲ್ಲಿ ಉಳಿಯುತ್ತಾರೆ. ಇದು ಯಾವುದೋ ಒಂದು ಸಂಸ್ಥೆಯ ಲೋಪವಲ್ಲ; ಸಂಶೋಧನೆಯೆಂಬ ವ್ಯವಸ್ಥೆ ನಡೆಯುವ ರೀತಿಯೇ ಹೀಗೆ.

ಇಲ್ಲಿ ದೈವಶಾಸ್ತ್ರಕ್ಕೆ ತನ್ನದೇ ಆದ ಮಾತೊಂದಿದೆ. ಮರ್ಟನ್ ಇಪ್ಪತ್ತೊಂಬತ್ತನೆಯ ವಚನದಿಂದ ಹೆಸರನ್ನು ಪಡೆದು ಅಲ್ಲಿಯೇ ನಿಂತರು. ಅಧ್ಯಾಯ ಅಲ್ಲಿ ಮುಗಿಯುವುದಿಲ್ಲ. ಮೂವತ್ತೊಂದನೆಯ ವಚನದಿಂದ ಮನುಷ್ಯಕುಮಾರನು ಸಿಂಹಾಸನದಲ್ಲಿ ಕುಳಿತು ಜನಾಂಗಗಳಿಗೆ ನ್ಯಾಯತೀರಿಸುವ ದೃಶ್ಯ ತೆರೆದುಕೊಳ್ಳುತ್ತದೆ. ತಲಾಂತುಗಳ ಲೆಕ್ಕ ಮುಗಿದ ಕೂಡಲೇ ಬೇರೊಂದು ಲೆಕ್ಕ ಆರಂಭವಾಗುತ್ತದೆ. ಅಲ್ಲಿ ಅಳತೆಗೋಲು ಹಸಿದವರು, ಪರದೇಶಿಗಳು, ಸೆರೆಯಲ್ಲಿರುವವರು. ಯಾರನ್ನು ಎಣಿಕೆಗೇ ತೆಗೆದುಕೊಂಡಿರಲಿಲ್ಲವೋ ಅವರಲ್ಲಿಯೇ ಕರ್ತನು ಇದ್ದನು. ಸೇವೆ ಮಾಡಿದವರಿಗೂ ತಾವು ಮಾಡಿದ್ದು ಗೊತ್ತಿರಲಿಲ್ಲ. ಅವರು ಲೆಕ್ಕ ಇಟ್ಟಿರಲಿಲ್ಲ. ಅಂಕಗಳ ಸಂಸ್ಕೃತಿಯ ಮೇಲೆ ಇದಕ್ಕಿಂತ ಆಳವಾದ ವಿಮರ್ಶೆ ಬೋರ್ಡಿಯೊ ಅವರಲ್ಲಿಯೂ ಇಲ್ಲ. ಅವರ ಕ್ಷೇತ್ರಸಿದ್ಧಾಂತವು ನಿಸ್ವಾರ್ಥದ ಹಿಂದಿರುವ ಹಿತಾಸಕ್ತಿಯನ್ನು ಬಯಲುಮಾಡಬಲ್ಲದು. ಆದರೆ ಲೆಕ್ಕವಿಡದ ಕೊಡುವಿಕೆಯನ್ನು ಬಂಡವಾಳದ ಮತ್ತೊಂದು ರೂಪವೆಂದಲ್ಲದೆ ಕಾಣುವುದು ಅದಕ್ಕೆ ಕಷ್ಟ.

ಈ ತೀರ್ಪು ನಮ್ಮ ಮನೆಯನ್ನೂ ಬಿಟ್ಟಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಬಾಸೆಲ್ ಮಿಷನ್ನಿನ ಮಹತ್ತ್ವದ ಕೊಡುಗೆ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಕಿಟ್ಟೆಲರಿಗೆ ಗೌರವ ಡಾಕ್ಟರೇಟ್ ನೀಡಿತು. ಅವರ ಪರಿಶ್ರಮ ನಿಸ್ಸಂದೇಹವಾದುದು. ಆದರೂ ಪದಗಳ ಅರ್ಥ ಹೇಳಿದ, ಗಾದೆಗಳನ್ನು ಒದಗಿಸಿದ ಕನ್ನಡಿಗರು ನಮ್ಮ ನೆನಪಿನಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ಇಂದು ನಮ್ಮ ಸೆಮಿನರಿಗಳಲ್ಲಿ ಗ್ರಾಮಸಭೆಗಳ ಬಾಳನ್ನು ಕುರಿತು ಪ್ರಬಂಧ ಬರೆಯುವವರಿಗೂ ಇದೇ ಪ್ರಶ್ನೆ ಸಲ್ಲುತ್ತದೆ.

ಪರಿಹಾರವೆಂದು ಕೃತಜ್ಞತೆಗೂ ಅಂಕ ನಿಗದಿಮಾಡಿದರೆ ಅದೂ ಬಂಡವಾಳವೇ ಆದೀತು. ಬೇಕಾಗಿರುವುದು ಇನ್ನೂ ಸರಳವಾದುದು: ಹಾಡಿದವರ ಒಪ್ಪಿಗೆ ಕೇಳುವುದು, ಅವರ ಹೆಸರನ್ನು ಅನುಬಂಧದಿಂದ ಪಠ್ಯದ ಒಳಕ್ಕೆ ತರುವುದು, ಬರೆದುದನ್ನು ಅದೇ ಊರಿಗೆ ಒಯ್ದು ಓದಿಹೇಳಿ, ಅಲ್ಲಿ ಬಂದ ತಿದ್ದುಪಡಿಯನ್ನು ಪರೀಕ್ಷಕರ ತಿದ್ದುಪಡಿಯಷ್ಟೇ ಗಂಭೀರವಾಗಿ ಸ್ವೀಕರಿಸುವುದು. ಇದು ದಾನವಲ್ಲ, ಸಾಲದ ತೀರುವಳಿ. ನಮ್ಮಲ್ಲಿರುವುದೆಲ್ಲ ಹೊಂದಿಕೊಂಡದ್ದೇ ಎಂದು ಪೌಲನು ಕೊರಿಂಥದ ಸಭೆಗೆ ನೆನಪಿಸಿದ್ದು (1 ಕೊರಿಂಥ 4:7) ಜ್ಞಾನದ ಬಗೆಗೆ ಹೆಮ್ಮೆಪಡುತ್ತಿದ್ದವರನ್ನು ಕುರಿತೇ. ಮತ್ತಾಯನ ಹೆಸರಿನಲ್ಲಿ ಸಂಶೋಧನಾ ಸಂಸ್ಕೃತಿಯನ್ನು ಪರೀಕ್ಷಿಸುವವರು ಮತ್ತಾಯನನ್ನು ಇನ್ನು ಹದಿನೇಳು ವಚನ ಮುಂದಕ್ಕೆ ಓದಬೇಕು.